ವಾರಪತ್ರಿಕೆಯ ಪುಟದಿಂದ ಚಂದ್ರಗಿರಿಯ ತೀರಕ್ಕೆ: ‘ಲಂಕೇಶ್ ಪತ್ರಿಕೆ’ಯ ಪರಂಪರೆ

ಕನ್ನಡ ಸಾಹಿತ್ಯ ಚರಿತ್ರೆಯ ಪಠ್ಯಗಳಲ್ಲಿ ನಿಯತಕಾಲಿಕಗಳಿಗೆ ದೊರೆಯುವ ಜಾಗ ಬಹಳ ಕಡಿಮೆ. 1843ರ ‘ಮಂಗಳೂರ ಸಮಾಚಾರ’ದ ಉಲ್ಲೇಖ ಬರುತ್ತದೆ, ನವೋದಯವನ್ನು ಹೇಳುವಾಗ ‘ಪ್ರಬುದ್ಧ ಕರ್ನಾಟಕ’, ‘ಜಯಕರ್ನಾಟಕ’ಗಳ ಹೆಸರು, ನವ್ಯವನ್ನು ಹೇಳುವಾಗ ಅಡಿಗರ ‘ಸಾಕ್ಷಿ’ಯ ಹೆಸರು. ಅಷ್ಟರಲ್ಲಿ ಅಧ್ಯಾಯ ಮುಗಿದು, ಚರ್ಚೆ ಪುಸ್ತಕಗಳ ಕಡೆಗೆ ತಿರುಗುತ್ತದೆ. ಆದರೆ ಆಧುನಿಕ ಕನ್ನಡದ ಎಷ್ಟೋ ಕೃತಿಗಳು ಪುಸ್ತಕವಾಗುವ ಮೊದಲು ವಾರವಾರವೂ ಅಗ್ಗದ ಕಾಗದದ ಮೇಲೆ, ಬೇರೆ ಬೇರೆ ಬರಹಗಳ ನೆರೆಯಲ್ಲಿ ಓದುಗರನ್ನು ತಲುಪಿದಂಥವು. ಆ ನೆರೆಹೊರೆಯನ್ನು ಮರೆತು ಓದಿದರೆ ಕೃತಿಯ ಅರ್ಥದ ಒಂದು ಪಾಲು ಕೈತಪ್ಪುತ್ತದೆ. ಈ ಮಾತಿಗೆ ‘ಲಂಕೇಶ್ ಪತ್ರಿಕೆ’ಗಿಂತ ಒಳ್ಳೆಯ ನಿದರ್ಶನ ಕನ್ನಡದಲ್ಲಿ ಸಿಗಲಾರದು. ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗಂತೂ ಅದು ದೂರದ ಬೆಂಗಳೂರಿನ ಸಂಗತಿಯೇನಲ್ಲ. ಈ ನೆಲದಲ್ಲಿ ಹುಟ್ಟಿದ ಒಂದು ಮುಖ್ಯ ಕಾದಂಬರಿ ಮೊದಲು ಕಾಣಿಸಿಕೊಂಡದ್ದು ಅದರ ಪುಟಗಳಲ್ಲಿಯೇ.

ಪಾಳ್ಯ ಲಂಕೇಶ್ (1935–2000) ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡು ಕತೆ, ಕವಿತೆ, ನಾಟಕಗಳನ್ನು ಬರೆದು ನವ್ಯದ ಪ್ರಮುಖರಲ್ಲಿ ಒಬ್ಬರೆನಿಸಿದರು. ‘ಅಕ್ಷರ ಹೊಸ ಕಾವ್ಯ’ ಸಂಕಲನವನ್ನು ಸಂಪಾದಿಸಿದರು. ಬೋದಿಲೇರನನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದರು. ಬಸವ-ಬಿಜ್ಜಳರ ಕಾಲವನ್ನು ಕೆಳಜಾತಿಯ ಹುಡುಗ ಮತ್ತು ಬ್ರಾಹ್ಮಣ ಹುಡುಗಿಯ ಪ್ರೇಮದ ಮೂಲಕ ನೋಡಿದ ‘ಸಂಕ್ರಾಂತಿ’ ನಾಟಕವನ್ನು ರಚಿಸಿದರು. ಅಧ್ಯಾಪಕ ವೃತ್ತಿಯನ್ನು ಬಿಟ್ಟು ಚಲನಚಿತ್ರಕ್ಕೆ ಹೋದರು. ಮೊದಲ ಚಿತ್ರ ‘ಪಲ್ಲವಿ’ಯ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಇಷ್ಟು ಸಂಪಾದಿಸಿದ ಬರಹಗಾರ 1980ರ ಜುಲೈಯಲ್ಲಿ ತನ್ನ ಹೆಸರನ್ನೇ ಇಟ್ಟು ಒಂದು ಟ್ಯಾಬ್ಲಾಯ್ಡ್ ವಾರಪತ್ರಿಕೆಯನ್ನು ಆರಂಭಿಸಿದ್ದು ಅನೇಕರಿಗೆ ಸಾಹಿತ್ಯದಿಂದ ಇಳಿದುಹೋದಂತೆ ಕಂಡಿತು. ಇಪ್ಪತ್ತು ವರ್ಷಗಳ ಸಂಚಿಕೆಗಳನ್ನು ಎದುರಿಗಿಟ್ಟುಕೊಂಡು ನೋಡುವವರಿಗೆ ಹಾಗೆ ಅನ್ನಿಸುವುದಿಲ್ಲ.

ಪತ್ರಿಕೆ ಹುಟ್ಟಿದ ಗಳಿಗೆಯನ್ನು ಗಮನಿಸಬೇಕು. ತುರ್ತುಪರಿಸ್ಥಿತಿ ಮುಗಿದು ಮೂರು ವರ್ಷವಾಗಿತ್ತು. ದೇವರಾಜ ಅರಸರ ಭೂಸುಧಾರಣೆಯಿಂದ ಮತ್ತು 1975ರ ಹಾವನೂರು ಆಯೋಗದ ವರದಿಯಿಂದ ಹಿಂದುಳಿದ ಸಮುದಾಯಗಳಲ್ಲಿ ಹೊಸ ಆತ್ಮವಿಶ್ವಾಸ ಮೂಡಿತ್ತು. ಆ ಮನೆಗಳ ಮೊದಲ ತಲೆಮಾರಿನ ವಿದ್ಯಾವಂತರು ಕಾಲೇಜುಗಳಿಗೆ, ಕಚೇರಿಗಳಿಗೆ ಬಂದಿದ್ದರು. 1973ರ ಬೂಸಾ ಪ್ರಕರಣ ಕನ್ನಡ ಸಾಹಿತ್ಯ ಯಾರದು ಎಂಬ ಪ್ರಶ್ನೆಯನ್ನು ಬೀದಿಗೆ ತಂದಿತ್ತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತ್ತು. 1980ರ ಜನವರಿಯಲ್ಲಿ ಗುಂಡೂರಾವ್ ಮುಖ್ಯಮಂತ್ರಿಯಾದರು. ಪತ್ರಿಕೆ ಹೊರಬಂದ ತಿಂಗಳಲ್ಲಿಯೇ ಮಲಪ್ರಭಾ ಅಚ್ಚುಕಟ್ಟಿನ ಕರವನ್ನು ವಿರೋಧಿಸಿದ ನವಲಗುಂದ, ನರಗುಂದಗಳ ರೈತರ ಮೇಲೆ ಗೋಲಿಬಾರ್ ಆಯಿತು. ದಲಿತ, ರೈತ, ಭಾಷಾ ಚಳವಳಿಗಳು ಒಟ್ಟೊಟ್ಟಿಗೆ ಎದ್ದು ನಿಂತ ಆ ಕೆಲವು ವರ್ಷಗಳಲ್ಲಿ ಓದುಗರು ಸಿದ್ಧರಾಗಿದ್ದರು; ಅವರ ಮಾತಿನ ಧಾಟಿಯಲ್ಲಿ ಅವರೊಡನೆ ಮಾತಾಡುವ ಪತ್ರಿಕೆಯೊಂದು ಬೇಕಾಗಿತ್ತು.

‘ಲಂಕೇಶ್ ಪತ್ರಿಕೆ’ ಜಾಹೀರಾತುಗಳನ್ನು ತೆಗೆದುಕೊಳ್ಳಲಿಲ್ಲ. ಇದನ್ನು ಬರಿಯ ಆದರ್ಶವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ಅದರ ಕೆಲಸವನ್ನು ಬಿಡಿಸಿ ನೋಡುವುದು ಹೆಚ್ಚು ಉಪಯುಕ್ತ. ಜಾಹೀರಾತನ್ನು ನೆಚ್ಚಿದ ಪತ್ರಿಕೆಗೆ ಇಬ್ಬರು ಯಜಮಾನರು: ಕೊಳ್ಳುವ ಓದುಗ ಒಬ್ಬ, ಜಾಗ ಕೊಳ್ಳುವ ಕಂಪನಿ ಅಥವಾ ಸರ್ಕಾರ ಇನ್ನೊಬ್ಬ. ಎರಡನೆಯವನನ್ನು ಕೈಬಿಟ್ಟರೆ ಮಂತ್ರಿಯ ಮೇಲೆ ಬರೆಯುವ ಸ್ವಾತಂತ್ರ್ಯ ಬರುತ್ತದೆ, ನಿಜ. ಆದರೆ ಪ್ರತಿ ವಾರವೂ ಓದುಗ ಕೈಯಿಂದ ಕಾಸು ತೆತ್ತು ಕೊಳ್ಳುವಂತೆ ಮಾಡಬೇಕಾದ ಕಟ್ಟುಪಾಡೂ ಅದರ ಜೊತೆಗೇ ಬರುತ್ತದೆ. ಹೀಗಾಗಿ ಬಣ್ಣವಿಲ್ಲದ, ಅಲಂಕಾರವಿಲ್ಲದ ಆ ಪುಟಗಳಲ್ಲಿ ಎಲ್ಲವೂ ಬರವಣಿಗೆಯ ಬಲದಿಂದಲೇ ನಿಲ್ಲಬೇಕಾಯಿತು. ಹಗರಣದ ವರದಿಯನ್ನು ಕತೆಯಂತೆ ಓದಿಸಬೇಕು. ಸಾಹಿತ್ಯ ವಿಮರ್ಶೆಯನ್ನು ಬಸ್ಸಿನಲ್ಲಿ ಕುಳಿತವರೂ ಓದುವಂತಿರಬೇಕು. ಆ ಪತ್ರಿಕೆಯ ಗದ್ಯದ ಗುಣಗಳು ಮತ್ತು ದೋಷಗಳು ಎರಡೂ ಬಹುಮಟ್ಟಿಗೆ ಈ ಲೆಕ್ಕಾಚಾರದಿಂದ ಹುಟ್ಟಿದವು.

ಆ ಗದ್ಯವನ್ನು ಲಂಕೇಶರ ಎರಡು ಅಂಕಣಗಳಲ್ಲಿ ಸ್ಪಷ್ಟವಾಗಿ ಕಾಣಬಹುದು: ‘ಟೀಕೆ ಟಿಪ್ಪಣಿ’ ಮತ್ತು ‘ಮರೆಯುವ ಮುನ್ನ’. ಎರಡೂ ಮುಂದೆ ಪುಸ್ತಕಗಳಾಗಿವೆ. ‘ಟೀಕೆ ಟಿಪ್ಪಣಿ’ಯಲ್ಲಿ ಚುನಾವಣೆ, ಜಾತಿ, ಮಳೆ, ಒಬ್ಬ ಕವಿಯ ಸಾವು, ಒಂದು ಊರಿನ ಜಗಳ ಎಲ್ಲಕ್ಕೂ ಒಂದೇ ಧ್ವನಿ. ವಾಕ್ಯಗಳು ಚಿಕ್ಕವು, ಸಂಸ್ಕೃತದ ಭಾರವಿಲ್ಲ, ಹಾಗೆಂದು ಆಡುಮಾತಿನ ಸಡಿಲವೂ ಇಲ್ಲ. ನವ್ಯದ ಕತೆಗಾರ ಒಳಮನಸ್ಸನ್ನು ಬಗೆಯುವುದಕ್ಕೆ ಹದಗೊಳಿಸಿಕೊಂಡಿದ್ದ ಭಾಷೆಯನ್ನೇ ವಿಧಾನಸೌಧದ ಮೊಗಸಾಲೆಗೆ ಒಯ್ದರೆ ಹೇಗಿರುತ್ತದೋ ಹಾಗೆ. ಮಂತ್ರಿಯೊಬ್ಬ ಈ ಗದ್ಯದಲ್ಲಿ ಸುದ್ದಿಯ ಕರ್ತೃವಾಗಿ ಉಳಿಯುವುದಿಲ್ಲ. ಆಸೆ, ಅಂಜಿಕೆ, ಹುಂಬತನಗಳಿರುವ ಪಾತ್ರವಾಗುತ್ತಾನೆ. ‘ನೀಲು’ ಎಂಬ ಹೆಣ್ಣಿನ ಹೆಸರಿನಲ್ಲಿ ಬರುತ್ತಿದ್ದ ಕೆಲವೇ ಸಾಲುಗಳ ಪದ್ಯಗಳೂ ಈ ಪುಟಗಳಲ್ಲಿಯೇ ಹುಟ್ಟಿದವು. ಪ್ರೇಮ, ಕಾಮ, ಮುಪ್ಪು, ವ್ಯಂಗ್ಯಗಳನ್ನು ಹೇಳುವ ಆ ಕಿರುಪದ್ಯಗಳು ರಾಜಕೀಯ ವರದಿಯ ಗದ್ದಲದ ನಡುವೆ ಕಾಣಿಸಿಕೊಂಡಾಗ ಪಡೆಯುತ್ತಿದ್ದ ಹೊಳಪು ಸಂಕಲನದಲ್ಲಿ ಸಾಲಾಗಿ ಓದುವಾಗ ತುಸು ಮಂಕಾಗುತ್ತದೆಯೆಂದರೆ ತಪ್ಪಾಗದು.

ಪತ್ರಿಕೆಯ ಅಡಿಬರಹ ‘ಜಾಣ ಜಾಣೆಯರ ಪತ್ರಿಕೆ’ ಎಂದಿತ್ತು. ‘ಜಾಣೆ’ ಎಂಬ ಪದವನ್ನು ಗಮನಿಸಬೇಕು. ರಾಜಕೀಯವನ್ನು ಗಂಡಸರು ಓದುತ್ತಾರೆ, ಧಾರಾವಾಹಿಯನ್ನು ಹೆಂಗಸರು ಓದುತ್ತಾರೆ ಎಂಬ ಅಂದಿನ ವಾರಪತ್ರಿಕೆಗಳ ಹಂಚಿಕೆಯನ್ನು ಆ ಒಂದು ಪದ ಅಲುಗಿಸಿತು. ಓದುವವಳು ಬರೆಯಲೂಬಹುದು ಎಂಬುದು ಮುಂದಿನ ಹೆಜ್ಜೆ. ಹಾಸನದ ಬಾನು ಮುಷ್ತಾಕ್ 1980ರ ದಶಕದಲ್ಲಿ ಈ ಪತ್ರಿಕೆಯ ವರದಿಗಾರ್ತಿಯಾಗಿದ್ದರು. ಮನೆಮಾತು ದಖನಿ ಉರ್ದು. ಶಾಲೆಯಲ್ಲಿ ಕಲಿತದ್ದು ಕನ್ನಡ. ಮಸೀದಿಯ ಮುತವಲ್ಲಿಯ ಬಾಗಿಲಲ್ಲಿ ನ್ಯಾಯ ಕೇಳುತ್ತ ಕೂರುವ ಹೆಣ್ಣಿನ ಕತೆ ‘ಕರಿನಾಗರಗಳು’ ಬರೆದ ಕೈಗೆ ವರದಿಗಾರ್ತಿಯ ಶಿಸ್ತು ಇತ್ತು: ಯಾರು ಏನು ಹೇಳಿದರು, ಯಾರು ಸುಮ್ಮನಿದ್ದರು, ದುಡ್ಡು ಯಾರ ಕೈಯಲ್ಲಿತ್ತು ಎಂಬುದನ್ನು ಆ ಕತೆ ಎಲ್ಲಿಯೂ ಮಸುಕು ಮಾಡುವುದಿಲ್ಲ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಅವರ ಕತೆಗಳ ಸಂಕಲನ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ, ಆ ಗದ್ಯ ಎಲ್ಲಿ ಪಳಗಿತು ಎಂದು ಹುಡುಕಿದವರು ಬಂಡಾಯ ಚಳವಳಿಯ ಜೊತೆಗೆ ಈ ವಾರಪತ್ರಿಕೆಯ ಹೆಸರನ್ನೂ ಹೇಳಬೇಕಾಯಿತು.

ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಧಾರಾವಾಹಿಯಾಗಿ ಬಂದದ್ದೂ ಇಲ್ಲಿಯೇ. ಕುವೆಂಪು ಅವರಂಥ ಮಹಾಕವಿಯನ್ನು ನಾಯಿ, ಕಾರು, ಮನೆಯ ಹಿತ್ತಲುಗಳ ನಡುವಿನ ತಂದೆಯನ್ನಾಗಿ ತೋರಿಸಿದ ಆ ಬರಹದ ಸಲುಗೆಗೆ ಪತ್ರಿಕೆಯ ಒಟ್ಟು ಧಾಟಿ ಒತ್ತಾಸೆಯಾಗಿತ್ತು. ಇನ್ನೂ ಹಲವು ಹೆಸರುಗಳನ್ನು ಸೇರಿಸಬಹುದು. ಆದರೆ ಈ ಗಡಿಯ ವಿದ್ಯಾರ್ಥಿಗಳು ಹೆಚ್ಚು ಹೊತ್ತು ನಿಲ್ಲಬೇಕಾದ ಹೆಸರು ಸಾರಾ ಅಬೂಬಕ್ಕರ್ ಅವರದು.

ಸಾರಾ (1936–2023) ಕಾಸರಗೋಡಿನ ಚಂದ್ರಗಿರಿ ನದಿಯ ಪರಿಸರದಲ್ಲಿ ಹುಟ್ಟಿ ಬೆಳೆದವರು. ಮನೆಮಾತು ಮಲಯಾಳಂ, ಶಾಲೆಯ ಭಾಷೆ ಕನ್ನಡ. ಈ ಭಾಗದ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಮೆಟ್ರಿಕ್ ಮುಗಿಸಿದ ಮೊದಲಿಗರಲ್ಲಿ ಅವರೊಬ್ಬರು. ಮುಂದೆ ಓದುವ ಆಸೆಗೆ ಅವಕಾಶವಾಗಲಿಲ್ಲ. ಒಂದು ಗ್ರಂಥಾಲಯದ ಸದಸ್ಯತ್ವ ಪಡೆಯುವುದಕ್ಕೂ 1963ರವರೆಗೆ ಕಾಯಬೇಕಾಯಿತು. ‘ಲಂಕೇಶ್ ಪತ್ರಿಕೆ’ಯಲ್ಲಿ ಅವರ ಮೊದಲ ಲೇಖನ ಪ್ರಕಟವಾದದ್ದು 1981ರಲ್ಲಿ, ನಲವತ್ತೈದರ ಸುಮಾರಿನ ವಯಸ್ಸಿನಲ್ಲಿ. ಅದರ ಬೆನ್ನಿಗೆ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು.

ಕತೆ ಚಿಕ್ಕದು. ನಾದಿರಾ ಮತ್ತು ರಶೀದ್ ಅನ್ಯೋನ್ಯವಾಗಿ ಬಾಳುತ್ತಿರುವ ದಂಪತಿಗಳು. ಹಣದ ವಿಷಯದಲ್ಲಿ ಅಳಿಯನೊಡನೆ ಮುನಿಸಿಕೊಂಡ ತಂದೆ ಮಹಮ್ಮದ್ ಖಾನ್ ಮಗಳನ್ನು ಮನೆಗೆ ಕರೆತಂದು ತಲಾಖ್ ಆಗುವಂತೆ ಮಾಡುತ್ತಾನೆ. ತಾಯಿ ಫಾತಿಮ್ಮ ಎಳವೆಯಲ್ಲಿಯೇ ಮದುವೆಯಾಗಿ ಬಂದು, ಗಂಡನ ಎದುರು ಮಾತಾಡುವುದನ್ನೇ ಮರೆತವಳು. ಗಂಡಹೆಂಡಿರು ಮತ್ತೆ ಒಂದಾಗಬೇಕೆಂದರೆ ನಾದಿರಾ ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನನ್ನು ಮದುವೆಯಾಗಿ ಅವನಿಂದ ಬಿಡುಗಡೆ ಪಡೆಯಬೇಕು ಎಂಬ ಕಟ್ಟಳೆ ಎದುರಾಗುತ್ತದೆ. ಅವಳು ಮಸೀದಿಯ ಕೆರೆಯಲ್ಲಿ ಕೊನೆಯಾಗುತ್ತಾಳೆ. ಖಳನಾಯಕನೊಬ್ಬನನ್ನು ಬೆರಳು ಮಾಡಿ ತೋರಿಸಿ ಕಾದಂಬರಿ ಕೈತೊಳೆದುಕೊಳ್ಳುವುದಿಲ್ಲ. ಮಹಮ್ಮದ್ ಖಾನನ ಕೋಪಕ್ಕೆ ಅವನ ಬಡತನವೂ ಒಂದು ಕಾರಣ. ರಶೀದ್ ಒಳ್ಳೆಯವನೇ, ಆದರೂ ಹೆಂಡತಿಯ ಬಾಳನ್ನು ಅವಳನ್ನು ಕೇಳದೆಯೇ ತೀರ್ಮಾನಿಸುವ ಏರ್ಪಾಡಿನೊಳಗೇ ಅವನೂ ಇದ್ದಾನೆ.

ಕಾಸರಗೋಡು ಸೀಮೆಯನ್ನು ಕನ್ನಡ ಕಾದಂಬರಿಗೆ ತಂದವರಲ್ಲಿ ಸಾರಾ ಮೊದಲಿಗರಲ್ಲ. ಕಯ್ಯೂರಿನ ರೈತ ಹೋರಾಟ ಮತ್ತು 1943ರಲ್ಲಿ ನೇಣಿಗೇರಿದ ನಾಲ್ವರನ್ನು ಕುರಿತ ನಿರಂಜನರ ‘ಚಿರಸ್ಮರಣೆ’ ಅದಕ್ಕಿಂತ ಬಹಳ ಹಿಂದಿನದು. ಎರಡನ್ನೂ ಒಟ್ಟಿಗೆ ಓದುವುದು ಫಲಕಾರಿ. ನಿರಂಜನರ ಕೃತಿಯಲ್ಲಿ ಈ ನಾಡು ಚರಿತ್ರೆಯ ರಂಗಸ್ಥಳ. ಗದ್ದೆ, ಸಭೆ, ಮೆರವಣಿಗೆ, ಸೆರೆಮನೆಗಳು ಅಲ್ಲಿವೆ. ಸಾರಾ ಅವರಲ್ಲಿ ಅದೇ ನಾಡು ಒಂದು ಅಡುಗೆಮನೆ, ಒಂದು ಜಗಲಿ, ಹೊಳೆಯ ಎರಡು ದಡ. ಚಂದ್ರಗಿರಿ ಹೊಳೆಗೆ ಈ ಊರವರ ಮನಸ್ಸಿನಲ್ಲಿ ಬೇರೊಂದು ಅರ್ಥವೂ ಇದೆ. 1967ರ ಮಹಾಜನ ವರದಿ ಕಾಸರಗೋಡಿನ ಯಾವ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗೆರೆ ಎಳೆಯುವಾಗ ಆಧಾರವಾಗಿ ಹಿಡಿದದ್ದು ಇದೇ ಹೊಳೆಯನ್ನು. ಗಡಿ ಚಳವಳಿಯ ಬರಹಗಳಲ್ಲಿ ಎಲ್ಲೆಯಾಗಿ ಬರುವ ನದಿ ಈ ಕಾದಂಬರಿಯಲ್ಲಿ ಗಂಡನ ಮನೆಗೂ ತವರಿಗೂ ನಡುವೆ ಹರಿಯುತ್ತದೆ. ನಾದಿರಾಳ ಪಾಲಿಗೆ ದಾಟಲಾಗದೆ ಹೋದ ಗಡಿ ಯಾವ ಆಯೋಗದ ನಕ್ಷೆಯಲ್ಲಿಯೂ ಇರಲಿಲ್ಲ.

ಭಾಷೆಯ ಬಗೆಗೂ ಒಂದು ಮಾತು. ಈ ಕಾದಂಬರಿಯ ಜನ ನಿಜಜೀವನದಲ್ಲಿ ಮಾತಾಡುವುದು ಮಲಯಾಳಂ. ಸಾರಾ ಅವರಿಗೆ ಶಾಲೆಯ ಕನ್ನಡವನ್ನು ಬೀಡುಬೀಸಾಗಿ ಬಳಸುವುದೊಂದೇ ದಾರಿಯಿತ್ತು. ಆದ್ದರಿಂದ ದೇವನೂರರ ‘ಕುಸುಮಬಾಲೆ’ಯಲ್ಲಿರುವ ನಂಜನಗೂಡಿನ ನುಡಿಯಂಥ ಪ್ರಾದೇಶಿಕ ಸೊಗಡನ್ನು ಇಲ್ಲಿ ಹುಡುಕಬಾರದು. ಕೆಲವು ವಿಮರ್ಶಕರು ಈ ಸರಳತೆಯನ್ನು ಕಲೆಯ ಕೊರತೆಯೆಂದು ಎಣಿಸಿದ್ದುಂಟು. ಆದರೆ ಎರಡು ಭಾಷೆಗಳ ನಡುವೆ ಬೆಳೆದವರಿಗೆ ಇದರ ಕಷ್ಟ ಗೊತ್ತು: ಮನೆಯೊಳಗಿನ ಮಾತನ್ನು ಮನಸ್ಸಿನಲ್ಲಿಯೇ ಇನ್ನೊಂದು ನುಡಿಗೆ ತಂದು, ಎಲ್ಲರಿಗೂ ತಿಳಿಯುವಂತೆ, ಒಂದು ಪದವೂ ಹೆಚ್ಚಾಗದಂತೆ ಬರೆಯುವುದು ಸುಲಭವಲ್ಲ. ಬೇಂದ್ರೆಯವರ ಮರಾಠಿ, ಮಾಸ್ತಿಯವರ ತಮಿಳು, ಮಂಜೇಶ್ವರದ ಗೋವಿಂದ ಪೈಗಳ ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳ ತುಳು ಇವುಗಳ ಸಾಲಿಗೆ ಸಾರಾ ಅವರ ಮಲಯಾಳವೂ ಸೇರಬೇಕು. ಮನೆಮಾತು ಬೇರೆಯಾದವರು ಕನ್ನಡವನ್ನು ಬೆಳೆಸಿದ ಈ ಪರಂಪರೆಯಲ್ಲಿ ಮುಸ್ಲಿಂ ಹೆಣ್ಣಿನ ಧ್ವನಿಗೆ ಬಹುಕಾಲ ಎಡೆಯಿರಲಿಲ್ಲ. ಅದಕ್ಕೆ ಎಡೆ ದೊರೆತದ್ದು ಒಂದು ರಾಜಕೀಯ ವಾರಪತ್ರಿಕೆಯಲ್ಲಿ ಎಂಬುದು ಆಕಸ್ಮಿಕವಲ್ಲ.

ಧಾರಾವಾಹಿಯ ನೆರೆಹೊರೆ ಮುಖ್ಯವಾಗುವುದು ಇಲ್ಲಿಯೇ. ಶಾ ಬಾನು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ್ದು 1985ರಲ್ಲಿ. ಈ ಕಾದಂಬರಿ ಅದಕ್ಕೂ ಮೊದಲಿನದು. ಒಂದು ಅಲ್ಪಸಂಖ್ಯಾತ ಸಮುದಾಯದ ಒಳಗಿನ ಅನ್ಯಾಯವನ್ನು ಆ ಸಮುದಾಯದ ಹೆಣ್ಣೇ ಹೇಳಿದಾಗ ಎರಡು ಅಪಾಯಗಳಿರುತ್ತವೆ: ಒಳಗಿನವರ ಸಿಟ್ಟು ಒಂದು, ಹೊರಗಿನವರು ಅದನ್ನು ಇಡೀ ಸಮುದಾಯವನ್ನು ಹಳಿಯಲು ಬಳಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಸಾರಾ ನೇರವಾಗಿಯೇ ಕಂಡರು. 1985ರಲ್ಲಿ ಪುತ್ತೂರಿನಲ್ಲಿ ಅವರು ಮಾತಾಡದಂತೆ ತಡೆಯುವ ಯತ್ನ ನಡೆಯಿತು. ಎರಡನೆಯ ಅಪಾಯದಿಂದ ಕೃತಿಯನ್ನು ತಕ್ಕಮಟ್ಟಿಗೆ ಕಾಪಾಡಿದ್ದು ಅದು ಅಚ್ಚಾದ ಜಾಗ. ವೀರಶೈವ ಮನೆತನದಲ್ಲಿ ಹುಟ್ಟಿದ ಸಂಪಾದಕ ಅದೇ ಪತ್ರಿಕೆಯಲ್ಲಿ ಮಠಗಳನ್ನೂ ಸ್ವಾಮಿಗಳನ್ನೂ ಕೆಣಕುತ್ತಿದ್ದ. ಮೇಲುಜಾತಿಗಳ ಸೋಗನ್ನು ಬಯಲು ಮಾಡುತ್ತಿದ್ದ. ಕೋಮುವಾದವನ್ನು ಬಿಡದೆ ಎದುರಿಸುತ್ತಿದ್ದ. ಯಾರಿಗೂ ರಿಯಾಯಿತಿಯಿಲ್ಲದ ಆ ಪುಟಗಳ ನಡುವೆ ನಾದಿರಾಳ ಕತೆ ಓದಿದವನಿಗೆ ‘ಅವರಲ್ಲಿ ಹೀಗೆ’ ಎಂದು ಹೇಳಿ ನೆಮ್ಮದಿಯಾಗಿ ಕೂರುವುದು ಕಷ್ಟವಾಗುತ್ತಿತ್ತು. ಪುಟ ತಿರುವಿದರೆ ಅವನ ಮನೆಯ ಸುದ್ದಿಯೂ ಅಲ್ಲಿರುತ್ತಿತ್ತು. ಇಂದು ಪಠ್ಯಪುಸ್ತಕವಾಗಿ ಕೈಗೆ ಬರುವ ಕಾದಂಬರಿಗೆ ಆ ನೆರೆಯ ರಕ್ಷಣೆ ಇಲ್ಲ. ತರಗತಿಯ ಚರ್ಚೆ ಅದನ್ನು ಮತ್ತೆ ಕಟ್ಟಿಕೊಡಬೇಕಾಗುತ್ತದೆ.

ಪತ್ರಿಕೆಯನ್ನು ಹೊಗಳುವುದಷ್ಟೇ ಅಧ್ಯಯನವಲ್ಲ. ಗುಂಡೂರಾವ್ ಅವರನ್ನು ‘ಗುಂ’ ಎಂದು, ಬಂಗಾರಪ್ಪನವರನ್ನು ‘ಬಂ’ ಎಂದು ಕರೆದ ಅಡ್ಡಹೆಸರುಗಳು ಅಧಿಕಾರದ ಠೀವಿಯನ್ನು ಒಂದೇ ಅಕ್ಷರಕ್ಕೆ ಇಳಿಸಿದವು. ಮಂತ್ರಿಗಳನ್ನು ‘ಮಾನ್ಯ’ರೆಂದೇ ಬರೆಯುತ್ತಿದ್ದ ಕಾಲದಲ್ಲಿ ಅದು ದೊಡ್ಡ ಬಿಡುಗಡೆ. 1983ರಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಾಗ ಅದರಲ್ಲಿ ಈ ಪತ್ರಿಕೆಯ ಪಾಲೂ ಇದೆಯೆಂದು ಬಹಳ ಜನ ನಂಬಿದರು. ಹೊಸ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರ್ಕಾರವೂ ಅದರ ಟೀಕೆಯಿಂದ ತಪ್ಪಿಸಿಕೊಳ್ಳಲಿಲ್ಲ ಎಂಬುದು ಅದರ ಪ್ರಾಮಾಣಿಕತೆಗೆ ಸಾಕ್ಷಿ. ಆದರೂ ಗೇಲಿ ಹಲವೊಮ್ಮೆ ವಾದದ ಜಾಗವನ್ನು ಆಕ್ರಮಿಸಿತು. ವ್ಯಕ್ತಿಯ ನಡೆಯ ಜೊತೆಗೆ ಅವನ ರೂಪ, ಮನೆ, ಖಾಸಗಿ ಬದುಕುಗಳೂ ನಗೆಗೆ ವಸ್ತುವಾದವು. ಮುಂದೆ ಇದೇ ಆಕಾರವನ್ನು ಅನುಸರಿಸಿದ ಕನ್ನಡದ ಅನೇಕ ಟ್ಯಾಬ್ಲಾಯ್ಡ್‌ಗಳಿಗೆ ಕಲಿಯಲು ಸುಲಭವಾದದ್ದು ಈ ಗೇಲಿ. ‘ಟೀಕೆ ಟಿಪ್ಪಣಿ’ಯ ಓದು, ವಿಷಾದ, ತನ್ನನ್ನೇ ಪರೀಕ್ಷಿಸಿಕೊಳ್ಳುವ ಗುಣ ಹಾಗೆ ಸುಲಭವಾಗಿ ಕೈಗೆ ಬರುವಂಥವಲ್ಲ. ಒಬ್ಬನ ಹೆಸರು, ಒಬ್ಬನ ಧ್ವನಿಯನ್ನೇ ನೆಚ್ಚಿದ ಪತ್ರಿಕೆ ಒಂದು ಸಂಸ್ಥೆಯಾಗಿ ಬೇರುಬಿಡಲಿಲ್ಲ ಎಂಬುದೂ ನಿಜ. ಈ ನಡುವೆಯೂ ಲಂಕೇಶರ ಸೃಜನಶೀಲತೆ ಬತ್ತಲಿಲ್ಲ. ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದ ಮಗಳು ಗೌರಿ ಸಂಪಾದಕಿಯಾದರು. 2005ರಲ್ಲಿ ಬೇರೆಯಾಗಿ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದರು. ತಂದೆಯ ಗದ್ಯದ ಮಾಂತ್ರಿಕತೆ ಅವರಿಗಿರಲಿಲ್ಲ. ಕನ್ನಡದಲ್ಲಿ ಬರೆಯುವುದನ್ನು ಅವರು ಸಂಪಾದಕಿಯಾದ ಮೇಲೆ ಬಹುಮಟ್ಟಿಗೆ ಕಲಿತುಕೊಳ್ಳಬೇಕಾಯಿತು. ಬಾಬಾಬುಡನಗಿರಿಯ ಸೌಹಾರ್ದ ಹೋರಾಟದಲ್ಲಿ ತಾವೇ ಇಳಿದು ನಿಂತ ಅವರಲ್ಲಿ ಸಂಪಾದಕಿಗೂ ಚಳವಳಿಗಾರ್ತಿಗೂ ನಡುವೆ ಗೆರೆ ಉಳಿಯಲಿಲ್ಲ. ಜಾಹೀರಾತಿಲ್ಲದ ಆ ವಾರಪತ್ರಿಕೆಯ ನಷ್ಟವನ್ನು ತುಂಬಲು ಅವರು ನೆಚ್ಚಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೂರುವವರಿಗಾಗಿ ತರುತ್ತಿದ್ದ ಪ್ರಕಟಣೆಗಳ ಮಾರಾಟವನ್ನು. 2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನಲ್ಲಿ ತಮ್ಮ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

ಈ ವಿಷಯವನ್ನು ಕಿರುಪ್ರಬಂಧಕ್ಕೆ ಆರಿಸಿಕೊಳ್ಳುವ ವಿದ್ಯಾರ್ಥಿಗೆ ಆಕರಗಳು ಸಮವಾಗಿ ಸಿಗುವುದಿಲ್ಲ. ಲಂಕೇಶರ ಅಂಕಣಗಳು, ನೀಲು ಪದ್ಯಗಳು, ಆತ್ಮಕಥನ ‘ಹುಳಿಮಾವಿನ ಮರ’ ಪುಸ್ತಕರೂಪದಲ್ಲಿವೆ. ಜಿಲ್ಲೆಗಳಿಂದ ಬಂದ ವಾರವಾರದ ವರದಿಗಳು, ಓದುಗರ ಪತ್ರಗಳು ಹಾಗೆ ಒಂದೆಡೆ ಸೇರಿಲ್ಲ. ಹಳೆಯ ಗ್ರಂಥಾಲಯಗಳ ಕಟ್ಟುಗಳಲ್ಲಿ, ಕೆಲವರ ಮನೆಯ ಅಟ್ಟಗಳ ಮೇಲೆ ಅವನ್ನು ಅರಸಬೇಕು. ಸುದ್ದಿಕಾಗದ ನಲವತ್ತು ವರ್ಷಕ್ಕೆ ಹಳದಿಯಾಗಿ ಮಡಿಕೆಯಲ್ಲಿ ಮುರಿಯುತ್ತದೆ. ‘ಚಂದ್ರಗಿರಿಯ ತೀರದಲ್ಲಿ’ಯ ಒಂದು ಕಂತಾದರೂ ಅದು ಮೊದಲು ಅಚ್ಚಾದ ಸಂಚಿಕೆಯಲ್ಲಿಯೇ ಸಿಕ್ಕಿದರೆ, ಕತೆಗಿಂತ ಮೊದಲು ಅದರ ಹಿಂದಿನ ಮತ್ತು ಮುಂದಿನ ಪುಟಗಳಲ್ಲಿ ಏನಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.